ಐದನೇ ಭಾಗದ ಸೀಟಿ

ಬೆಳಿಗ್ಗೆ ಕೆಲಸಕ್ಕೆ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳೆಂದರೆ ಹಲ್ಲಕ್ಕನ ಕೈ ಒಂದು ಲೋಕದಲ್ಲಿ, ಕಿವಿ ಇನ್ನೊಂದು ಲೋಕದಲ್ಲಿ. ಬಾಯಿ ಮಾತ್ರ ಎರಡೂ ಕಡೆ ಓಡಾಡಿಕೊಂಡಿರುತ್ತಿತ್ತು.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಹಲ್ಲಿನ ಸೆಟ್ಟು ಕಟ್ಟುವುದು ಅವಳ ಕಸುಬು. ದವಾಖಾನೆಯ ಹಿಂದಿನ ಕೋಣೆ, ಒಂದೇ ಕಿಟಕಿ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮೇಜಿನ ಮೇಲೆ ಊರವರ ದವಡೆಗಳ ಅಚ್ಚು, ಗುಲಾಬಿ ಬಣ್ಣದ ಮೇಣದ ಹಾಳೆ, ಮೇಣ ಕರಗಿಸಲು ಒಂದು ಪುಟ್ಟ ದೀಪ, ಬಿಳಿಯಿಂದ ಹಳದಿಯವರೆಗೆ ಬಣ್ಣವಾರು ವಿಂಗಡಿಸಿದ ಹಲ್ಲಿನ ಖಾನೆಗಳು. ಮುಂದಿನ ಕೋಣೆಯಲ್ಲಿ ಬಾಯಿ ತೆರೆಸಿ ನೋಡುವ ಡಾಕ್ಟರಮ್ಮ ಅವಳ ಖಾಸಾ ಅತ್ತಿಗೆ, ಗಂಡನ ಅಕ್ಕ. ಮೂಲೆಯಲ್ಲಿ ಗಿರ್ರೆನ್ನುವ ಚಕ್ರಕ್ಕೆ ಹಲ್ಲು ಒತ್ತಿ ಹೊಳಪು ಕೊಡುವವನು ಗಂಡ. ಒಟ್ಟಿನಲ್ಲಿ ಇಡೀ ಸಂಸಾರ ಪರರ ಬಾಯಿಯಿಂದಲೇ ಹೊಟ್ಟೆ ಹೊರೆಯುತ್ತಿತ್ತು.

ಕೈಗೆ ಬಿಡುವಿಲ್ಲದ, ಕಿವಿಗೆ ಕೆಲಸವೇ ಇಲ್ಲದ ಕಸುಬು ಅದು. ಹಾಗಾಗಿ ಹಲ್ಲಕ್ಕ ದಿನವಿಡೀ ಆಡಿಯೋ ಪುಸ್ತಕ ಕೇಳುತ್ತಿದ್ದಳು. ಕೇಳಿ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಓದುವವರ ಬಗ್ಗೆ ಅವಳಿಗೆ ಅಭಿಪ್ರಾಯಗಳಿದ್ದವು, ಮತ್ತು ಅಭಿಪ್ರಾಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಜಾಯಮಾನ ಅವಳದ್ದಾಗಿರಲಿಲ್ಲ.

ಒಬ್ಬ ವಾಚಕನಿಗೆ ಅವಳು ಗುಟುಕಪ್ಪ ಎಂದು ಹೆಸರಿಟ್ಟಿದ್ದಳು. ಸಾಲಿಗೊಂದು ಗುಟುಕು ನೀರು ಕುಡಿಯುತ್ತಿದ್ದ. ಅಧ್ಯಾಯ ಮುಗಿಯುವಷ್ಟರಲ್ಲಿ ಒಂದು ಕೊಡ ಖಾಲಿಯಾಗಿರುತ್ತದೆ, ನಡುವೆ ಎದ್ದು ಹೋಗಿ ಬಂದದ್ದೂ ಕೇಳಿಸುತ್ತದೆ ಎಂದು ಅವಳ ಆರೋಪ. ಇನ್ನೊಬ್ಬಳು ಜೋಗುಳದಮ್ಮ. ಕೊಲೆಯ ಪ್ರಕರಣವನ್ನೂ ತೊಟ್ಟಿಲು ತೂಗುವ ದನಿಯಲ್ಲೇ ಓದುವವಳು. ಪತ್ತೇದಾರ ಕೊಲೆಗಾರನನ್ನು ಹಿಡಿಯುವ ಹೊತ್ತಿಗೆ ಕೇಳುವವರು ಗೊರಕೆ ಹೊಡೆಯುತ್ತಿರುತ್ತಾರೆ. ತಮ್ಮ ಪುಸ್ತಕವನ್ನು ತಾವೇ ಓದುವ ಲೇಖಕರ ಮೇಲಂತೂ ಅವಳಿಗೆ ಕೆಂಡದಂಥ ಕೋಪ. ಪ್ರತಿ ವಾಕ್ಯದ ಕೊನೆಗೂ ಒಂದು ಕ್ಷಣ ನಿಲ್ಲುತ್ತಾರೆ, ಚಪ್ಪಾಳೆಗೆ ಜಾಗ ಬಿಟ್ಟು. ಹಿನ್ನೆಲೆ ಸಂಗೀತದವರನ್ನು ಬಿಡಿ, ಕಥೆಯಲ್ಲಿ ಯಾರಾದರೂ ಒಂದು ಕಿಟಕಿ ತೆಗೆದರೂ ಕೊಳಲು ಊದಿಬಿಡುತ್ತಾರೆ. ಇವರೆಲ್ಲರ ಮೇಲೆ ಕಳಶವಿಟ್ಟಂತೆ ಇದ್ದವನು ಮೂಗಣ್ಣ. ಹೆಂಗಸಿನ ಮಾತು ಬಂದರೆ ಸಾಕು, ಮೂಗಿನಿಂದ ಓದುತ್ತಿದ್ದ. ಅವನು ಓದಿದ ಪುಸ್ತಕಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಆಜನ್ಮ ನೆಗಡಿ. ಸಾವಿನ ಪ್ರಸಂಗ ಬಂದರೆ ಸತ್ತವನ ಮನೆಯವರಿಗಿಂತ ಮೊದಲು ಇವನೇ ಬಿಕ್ಕಲು ಶುರು ಮಾಡುತ್ತಿದ್ದ.

"ಇವನ ಕೆಳದವಡೇಲಿ ಎಡಗಡೆ ಒಂದು ಹಲ್ಲಿಲ್ಲ ಕಣ್ರೀ. ಗಾಳಿ ಅಲ್ಲಿಂದ ಸೋರ್ತಿದೆ," ಎಂದು ಆಗಾಗ ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು.

"ಹಲ್ಲಿಲ್ದಿದ್ರೆ ನಿನಗೇನೇ? ಕಥೆ ಕೇಳು," ಎನ್ನುತ್ತಿದ್ದ ಗಂಡ. ಅವನು ಜನ್ಮದಲ್ಲಿ ಒಂದು ಕಥೆ ಕೇಳಿದವನಲ್ಲ. ಚಕ್ರದ ಸದ್ದೇ ಅವನಿಗೆ ಸಾಕಾಗಿತ್ತು.

ಇಷ್ಟು ಜನರ ನಡುವೆ ಒಬ್ಬನೇ ಒಬ್ಬ ಅವಳ ಕಿವಿಗೆ ಒಪ್ಪಿದವನಿದ್ದ. ವಯಸ್ಸಾದ ದನಿ, ಅವಸರವಿಲ್ಲ, ಆಡಂಬರವಿಲ್ಲ. ಹೆಂಗಸಿನ ಮಾತನ್ನು ತನ್ನದೇ ದನಿಯಲ್ಲಿ ಓದಿದರೂ ಎದುರಿಗೆ ಹೆಂಗಸು ಬಂದು ನಿಲ್ಲುತ್ತಿದ್ದಳು. ಅವನನ್ನು ಹಲ್ಲಕ್ಕ 'ನಮ್ಮೋರು' ಎಂದು ಕರೆಯುತ್ತಿದ್ದಳು. ತಾಳಿಕೊಂಡು ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡನಿಗೆ ಮಾತ್ರ ಬರಿ 'ಇವರು'.

"ನಿಮ್ಮೋರು ಏನಂತಾರೆ ಇವತ್ತು?" ಎಂದು ಗಂಡ ಚಕ್ರ ನಿಲ್ಲಿಸಿ ಕೇಳುತ್ತಿದ್ದ.

"ನಮ್ಮೋರು ನಿಮ್ಮ ಹಾಗೆ ಮಧ್ಯೆ ಬಾಯಿ ಹಾಕೋದಿಲ್ಲ," ಎನ್ನುತ್ತಿದ್ದಳು.

ಆ ವರ್ಷ ನಮ್ಮೋರು ಒಂದು ದೊಡ್ಡ ಕಾದಂಬರಿ ಓದುತ್ತಿದ್ದರು. ಆರು ಭಾಗ, ತಿಂಗಳಿಗೊಂದು ಭಾಗ ಆ್ಯಪಿನಲ್ಲಿ ಬರುತ್ತಿತ್ತು. ಕಡಲ ದಂಡೆಯಲ್ಲಿ ದೀಪದ ಗೋಪುರ ಕಾಯುವ ಒಬ್ಬ ಮುಂಗೋಪಿ ಮುದುಕ. ಅವನೊಡನೆ ಜಗಳ ಮಾಡಿಕೊಂಡು ದೋಣಿ ಹತ್ತಿ ಹೋದ ಮಗಳು. ನಾಲ್ಕನೇ ಭಾಗದ ಕೊನೆಗೆ ದೋಣಿ ವಾಪಸು ಬಂತು, ಖಾಲಿ. ಅದನ್ನು ಕೇಳುವಾಗ ಹಲ್ಲಕ್ಕ ಯಾರದೋ ಮೇಲಿನ ಸೆಟ್ಟು ಕಟ್ಟುತ್ತಿದ್ದಳು. ಕಣ್ಣು ಮಂಜಾಗಿ ಮೇಣವೂ ಕಾಣಲಿಲ್ಲ, ಹಲ್ಲೂ ಕಾಣಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಹೇಗೋ ಕೆಲಸ ಮುಗಿಸಿ ಮುಂದಕ್ಕೆ ಕಳಿಸಿದಳು. ಆಮೇಲೆ ಒಂದು ತಿಂಗಳು ಆ ಮಗಳು ಬದುಕಿದ್ದಾಳೋ ಇಲ್ಲವೋ ಎಂಬ ಚಿಂತೆಯಲ್ಲಿ ಅನ್ನ ಸೇರಲಿಲ್ಲ.

ಐದನೇ ಭಾಗ ಬಂದ ದಿನ ಕೆಲಸವನ್ನೆಲ್ಲ ಬದಿಗೆ ಸರಿಸಿ ಕೂತಳು. ಮೊದಲ ಸಾಲು: 'ಸಮುದ್ರ ಸುಮ್ಮನಿತ್ತು.' ಆದರೆ ಆ ಸಾಲಿನಲ್ಲಿ ಸುಮ್ಮನಿದ್ದದ್ದು ಯಾವುದೂ ಇರಲಿಲ್ಲ. ನಮ್ಮೋರು ಸಮುದ್ರ ಎಂದಾಗ ಒಂದು ಸೀಟಿ, ಸುಮ್ಮನಿತ್ತು ಎಂದಾಗ ಇನ್ನೊಂದು. ಆ ಪುಣ್ಯಾತ್ಮ ಲೇಖಕ ಬೇರೆ ಸೂರ್ಯಾಸ್ತ, ಸಂಕಟ, ಸಾವು ಎಂದು ಪುಟತುಂಬ ಬರೆದಿಟ್ಟಿದ್ದ. ಮುದುಕ ಮಗಳನ್ನು ನೆನೆದು ನರಳುವ ಜಾಗದಲ್ಲಿ ಬಸ್ ಕಂಡಕ್ಟರ್ ಬಂದು ನಿಂತಂತಾಯಿತು.

ಹಲ್ಲಕ್ಕನಿಗೆ ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. ಆ ಆ್ಯಪಿನಲ್ಲಿ ಕೇಳುಗರು ತಮ್ಮ ಅನಿಸಿಕೆಯನ್ನು ಮಾತಿನಲ್ಲೇ ಹೇಳಿ ಹಾಕಬಹುದಿತ್ತು. 'ಕಿವಿಯುಳ್ಳವಳು' ಎಂಬ ಹೆಸರಿನಲ್ಲಿ ಅವಳು ಎಷ್ಟೋ ಜನರ ನೀರಿಳಿಸಿದ್ದಳು. ಈ ಸಲ ಫೋನನ್ನು ಬಾಯಿಯ ಹತ್ತಿರಕ್ಕೇ ಹಿಡಿದಳು.

"ಏನ್ ಸ್ವಾಮಿ, ಪುಸ್ತಕ ಓದ್ತಿದೀರೋ, ಕುಕ್ಕರ್ ಕೂಗಿಸ್ತಿದೀರೋ? ಮೂರು ಸೀಟಿ ಆದ ಮೇಲೆ ನಾನು ಒಲೆ ಆರ್ಸೋಕೆ ಎದ್ದು ಹೋಗಿದ್ದೆ! ತಪ್ಪು ನಿಮ್ಮದಲ್ಲ ಬಿಡಿ, ನಿಮ್ಮ ಬಾಯಿಗೆ ಹೊಸ ಹಲ್ಲು ಬಂದಿದೆ, ಅಷ್ಟೂ ಗೊತ್ತಾಗಲ್ವಾ ನನಗೆ? ಅದನ್ನ ಕಟ್ಟಿದ ಮಹಾನುಭಾವ ಯಾರೋ, ಅವನ ಕೈಗೆ ಹಲ್ಲು ಕೊಡಬಾರದಾಗಿತ್ತು, ಬೇಲಿ ಗೂಟ ಕೊಡ್ಬೇಕಿತ್ತು. ಆ ಕೈ ನನ್ನೆದುರಿಗೆ ಸಿಕ್ಕಿದ್ರೆ ಅದೇ ಹಲ್ಲಿಂದ ಕಚ್ಚಿಸ್ತಿದ್ದೆ!"

ಜನ ಬಿದ್ದು ಬಿದ್ದು ನಕ್ಕರು. ಆ ಮಾತು ಒಬ್ಬರಿಂದ ಒಬ್ಬರಿಗೆ ಹಾರಿ ಕಾದಂಬರಿಗಿಂತ ಹೆಚ್ಚು ಜನ ಅದನ್ನೇ ಕೇಳಿದರು. ಹಲ್ಲಕ್ಕ ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಗಂಡನಿಗೆ ಹಾಕಿ ಹಾಕಿ ಕೇಳಿಸಿದಳು.

ನಾಲ್ಕನೇ ದಿನ ಡಾಕ್ಟರಮ್ಮ ಒಂದು ಡಬ್ಬಿ ಹಿಡಿದು ಹಿಂದಿನ ಕೋಣೆಗೆ ಬಂದಳು. ಮುಖ ಊದಿತ್ತು.

"ನೋಡು, ಇದು ವಾಪಸ್ ಬಂದಿದೆ. ಸ ಅಂದ್ರೆ ಸೀಟಿ ಹೊಡೆಯುತ್ತಂತೆ."

ಹಲ್ಲಕ್ಕ ಒಂದು ಕಿವಿಯ ಇಯರ್‌ಫೋನ್ ಕಿತ್ತಳು. "ಯಾರದು ಅತ್ತಿಗೆ?"

"ಅದೇ, ಮೇಣದ ಹಲ್ಲು ಹಾಕಿ ಮಾತಾಡಿಸಿ ನೋಡ್ತೀನಿ ಅಂದ್ರೆ ಟೈಮಿಲ್ಲ, ಸ್ಟುಡಿಯೋಗೆ ಹೋಗ್ಬೇಕು ಅಂತ ಕುಣಿದ್ರಲ್ಲ, ಆ ಮುದುಕರು. ಪುಸ್ತಕ ಓದೋ ಕೆಲಸವಂತೆ. ಯಾವಳೋ ಒಬ್ಬಳು ಊರ ತುಂಬ ಮರ್ಯಾದೆ ತೆಗೆದಿದಾಳಂತೆ. ಕಂಪನಿಯವರು, ಮುಂದಿನ ವಾರ ಬಂದು ಒಂದು ಪುಟ ಓದಿ ತೋರ್ಸಿ, ಸರಿಯಿಲ್ದಿದ್ರೆ ಕೊನೇ ಭಾಗ ಬೇರೆಯವರಿಗೆ ಕೊಡ್ತೀವಿ ಅಂದಿದಾರಂತೆ. ಆ ಬೇರೆಯವನು ಯಾರೋ ಮೂಗಿನಿಂದ ಓದ್ತಾನಂತೆ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಹಲ್ಲಕ್ಕ ಇನ್ನೊಂದು ಕಿವಿಯದನ್ನೂ ಕಿತ್ತಳು. ಡಬ್ಬಿ ತೆಗೆದು ಸೆಟ್ಟನ್ನು ಕೈಗೆತ್ತಿಕೊಂಡಳು. ಮುಂದಿನ ಹಲ್ಲುಗಳ ಹಿಂಭಾಗಕ್ಕೆ ಹೆಬ್ಬೆರಳು ತಾಗಿಸಿದಳು. ಅಷ್ಟೇ ಸಾಕಾಯಿತು.

ಅವಳದ್ದೊಂದು ಪದ್ಧತಿ ಇತ್ತು. ಮೇಲಿನ ಸೆಟ್ಟಿನ ಮೇಣ ಆರುವ ಮುಂಚೆ ಮುಂದಿನ ಹಲ್ಲುಗಳ ಹಿಂದೆ ಹೆಬ್ಬೆರಳನ್ನು ಒಂದು ಸಲ ಮೆಲ್ಲಗೆ ಓಡಿಸುವುದು. ನಾಲಿಗೆ ಬಂದು ಒರಗುವ ಜಾಗ ಅದು; ಅಲ್ಲಿ ಮೇಣ ಉಬ್ಬುತಗ್ಗಿಲ್ಲದೆ ತುಂಬಿಕೊಂಡಿರಬೇಕು, ಇಲ್ಲದಿದ್ದರೆ ಗಾಳಿಗೆ ಕಳ್ಳದಾರಿ ಸಿಗುತ್ತದೆ. ಕಸುಬು ಕಲಿಸಿದ ಅವಳ ಅಪ್ಪ ಈ ಒಂದು ಕೆಲಸವನ್ನು ಉಪಕರಣದಿಂದ ಮಾಡಗೊಡುತ್ತಿರಲಿಲ್ಲ, ಬೆರಳಿಂದಲೇ ಆಗಬೇಕು ಎನ್ನುತ್ತಿದ್ದ. ಹಲ್ಲಕ್ಕ ಕಟ್ಟಿದ ಸೆಟ್ಟುಗಳಲ್ಲೆಲ್ಲ ಅವಳ ಹೆಬ್ಬೆರಳಿನ ಆ ನಯವಿರುತ್ತಿತ್ತು. ಇದರಲ್ಲಿ ಇರಲಿಲ್ಲ. ಆ ಹೊತ್ತಿನಲ್ಲಿ ಅವಳ ಹೆಬ್ಬೆರಳು ಸೆರಗು ಹಿಡಿದು ಮೂಗು ಒರೆಸುತ್ತಿತ್ತು. ಖಾಲಿ ದೋಣಿ ಬಂದ ದಿನ, ನಮ್ಮೋರ ದನಿ ಕೇಳಿ ಅಳುತ್ತಾ, ನಮ್ಮೋರ ಬಾಯನ್ನೇ ಕೆಡಿಸಿ ಕಳಿಸಿದ್ದಳು.

ಡಾಕ್ಟರಮ್ಮ ಮುಂದಿನ ಕೋಣೆಗೆ ಹೋದ ಮೇಲೆ ಹಲ್ಲಕ್ಕ ಗಂಡನ ಕಡೆ ತಿರುಗಿದಳು. "ರೀ, ಬೇಲಿ ಗೂಟದ ಮಹಾನುಭಾವ ಸಿಕ್ಕಿದ."

"ಯಾರಂತೆ?"

"ನಾನೇ."

ಗಂಡ ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ಹಲ್ಲು ನೋಡಿದ. ಆಮೇಲೆ ಚಕ್ರದ ಮೇಲೆ ತಲೆಯಿಟ್ಟು ನಗಲು ಶುರು ಮಾಡಿದವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತ. ಹಲ್ಲಕ್ಕನಿಗೆ ಅವನನ್ನು ಬೈಯುವ ತ್ರಾಣವೂ ಇರಲಿಲ್ಲ. ಹಲ್ಲು ಕೆಡಿಸಿದ್ದು ಒಂದು ಪಾಪ, ಕೆಡಿಸಿದ್ದನ್ನು ಊರಿಗೆಲ್ಲ ಸಾರಿದ್ದು ಇನ್ನೊಂದು. ಎರಡಕ್ಕೂ ಶಿಕ್ಷೆಯಾಗಿ ಆ ಗೋಪುರದ ಮುದುಕ ಕಡೆಯ ಭಾಗದಲ್ಲಿ ಮೂಗಣ್ಣನ ಬಾಯಿಗೆ ಸಿಕ್ಕಿ ಬಿಕ್ಕಬೇಕೆ? ಮಗಳು ವಾಪಸು ಬಂದರೂ ನೆಗಡಿ ಹಿಡಿದುಕೊಂಡೇ ಬರಬೇಕೆ? ಅವಳಿಗೆ ನಿಜವಾಗಿಯೂ ಅಳು ಬಂತು.

ಅನಿಸಿಕೆಯನ್ನು ಆ್ಯಪಿನಿಂದ ಅಳಿಸಿದಳು. ಜನರ ಫೋನುಗಳಿಂದ ಅಳಿಸಲು ಯಾರಿಂದಾದೀತು? ಉಳಿದಿದ್ದು ಹಲ್ಲು ಸರಿ ಮಾಡುವ ದಾರಿಯೊಂದೇ. ಆದರೆ ಅದು ಅಚ್ಚು ನೋಡಿ ಮಾಡುವ ಕೆಲಸವಲ್ಲ. ಮೇಣ ಹಚ್ಚಬೇಕು, ಬಾಯಿಗೆ ಹಾಕಿಸಬೇಕು, ಮಾತಾಡಿಸಬೇಕು, ಕೇಳಬೇಕು, ಕೆರೆಯಬೇಕು, ಮತ್ತೆ ಹಚ್ಚಬೇಕು. ಎಂದೂ ರೋಗಿಗಳ ಮುಖ ನೋಡದ ಹಿಂದಿನ ಕೋಣೆಗೆ ನಮ್ಮೋರನ್ನೇ ಕರೆಸಬೇಕಾಯಿತು.

"ಒಂದು ವಿಷ್ಯ," ಎಂದಳು ಗಂಡನಿಗೆ. "ಅವರು ಬಂದಾಗ ನಾನು ಬಾಯಿ ಬಿಡೋದಿಲ್ಲ. ನನ್ನ ದನಿ ಅವರು ಎಷ್ಟು ಸಲ ಕೇಳಿ ಹಲ್ಲು ಕಡಿದಿದಾರೋ."

"ಹಲ್ಲೇ ಸರಿಯಿಲ್ವಲ್ಲ, ಏನ್ ಕಡೀತಾರೆ," ಎಂದ ಗಂಡ. ಆಮೇಲೆ ಗಂಭೀರನಾಗಿ, "ನೀನು? ಬಾಯಿ ಬಿಡೋದಿಲ್ಲ? ಅದನ್ನ ನೋಡೋಕಾದ್ರೂ ನಾನು ರಜಾ ಹಾಕದೆ ಬರ್ತೀನಿ," ಎಂದ.

ನಮ್ಮೋರು ಮಧ್ಯಾಹ್ನ ಬಂದರು. ಆ ದನಿಗೆ ಹಲ್ಲಕ್ಕ ಮನಸ್ಸಿನಲ್ಲೇ ಆರಡಿ ಎತ್ತರ, ಅಗಲ ಹಣೆ, ಬೆಳ್ಳಿಗೂದಲು ಕೊಟ್ಟು ಕೂರಿಸಿದ್ದಳು. ಬಂದವರು ಅವಳ ಭುಜದ ಎತ್ತರದವರು. ಬಕ್ಕತಲೆ, ಒಂದು ಗುಂಡಿ ಕಿತ್ತ ಅಂಗಿ, ಕೈಯಲ್ಲಿ ಒದ್ದೆ ಕೊಡೆ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಬಾಯಿ ತೆರೆದರೆ ಮಾತ್ರ ಕೋಣೆಯ ಅಚ್ಚುಗಳೆಲ್ಲ ನಡುಗಿದವು.

"ಇವರೇನಾ ಹಲ್ಲು ಕಟ್ಟೋರು?"

ಹಲ್ಲಕ್ಕ ತಲೆಯಾಡಿಸಿದಳು. ಗಂಡ ಮುಂದೆ ಬಂದ. "ಹೌದು ಸರ್. ಇವಳಿಗೆ ಗಂಟಲು ಕಟ್ಟಿದೆ. ಹೇಳೋದೇನಿದ್ರೂ ನಾನು ಹೇಳ್ತೀನಿ."

"ಪುಣ್ಯವಂತರು ನೀವು," ಎಂದರು ನಮ್ಮೋರು. ಗಂಡ ಕೆಮ್ಮಿ ಗೋಡೆಯ ಕಡೆ ತಿರುಗಿದ.

ಕೆಲಸ ಶುರುವಾಯಿತು. ಹಲ್ಲಕ್ಕ ಮೇಣ ಕರಗಿಸಿ ಹಚ್ಚುವಳು, ಹೆಬ್ಬೆರಳು ಓಡಿಸುವಳು, ಸೆಟ್ಟು ಕೊಡುವಳು. ಅವರು ಹಾಕಿಕೊಂಡು ಕಾದಂಬರಿಯ ಸಾಲು ಓದುವರು. ಸೀಟಿ. ಅವಳು ಬೆರಳಿನಲ್ಲಿ ಸನ್ನೆ ಮಾಡುವಳು. ಗಂಡ ಅದನ್ನು ತನಗೆ ತೋಚಿದಂತೆ ಅನುವಾದಿಸುವನು.

"ನಾಲಿಗೆ ಸ್ವಲ್ಪ ಹಿಂದಕ್ಕೆ ಇಡ್ಬೇಕಂತೆ ಸರ್."

ಹಲ್ಲಕ್ಕ ಕಣ್ಣು ಕೆಕ್ಕರಿಸಿದಳು.

"ಅಲ್ಲ, ಮುಂದಕ್ಕಂತೆ. ಅಲ್ಲ… ನಾಲಿಗೆ ವಿಷ್ಯವೇ ಅಲ್ವಂತೆ. ಸೆಟ್ಟು ವಾಪಸ್ ಕೊಡಿ."

ಮೇಣ ಆರುವವರೆಗೆ ಬಾಯಿ ಬೋಳಾಗಿದ್ದರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಓದುವವರ ಬಗ್ಗೆ ಹಲ್ಲಕ್ಕನಿಗೆ ಎಷ್ಟು ಅಭಿಪ್ರಾಯಗಳಿದ್ದವೋ, ಕೇಳುವವರ ಬಗ್ಗೆ ಅವರಿಗೂ ಅಷ್ಟೇ ಇದ್ದವು. ಕೇಳುಗರೆಂದರೆ ಪಾತ್ರೆ ತೊಳೆಯುತ್ತಾ ಕೇಳುವವರು. ನಾವು ಗಂಟಲು ಹರಿದುಕೊಂಡರೆ ಅವರು ನಲ್ಲಿ ತಿರುಗಿಸುತ್ತಾರೆ. ಇನ್ನು ಕೆಲವರು ಎರಡರಷ್ಟು ವೇಗದಲ್ಲಿ ಕೇಳುತ್ತಾರೆ, ನಾವು ಉಸಿರು ಹಿಡಿದು ಬಿಟ್ಟ ಮೌನವೆಲ್ಲ ಅವರ ಪಾಲಿಗೆ ಕಸ. ನಾಲ್ಕನೇ ಭಾಗದಲ್ಲಿ ಖಾಲಿ ದೋಣಿ ಓದುವಾಗ ತಾವು ಏನು ಯೋಚಿಸುತ್ತಿದ್ದಿರಿ ಸರ್ ಎಂದು ಗಂಡ ಕೆಣಕಿದ.

"ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದ್ದೆ. ಅದೇ ಯೋಚ್ನೆ."

ಹಲ್ಲಕ್ಕನ ಕೈಯ ಉಪಕರಣ ಮೇಜಿನ ಮೇಲೆ ಬಿತ್ತು. ತಾನು ಒಂದು ತಿಂಗಳು ಊಟ ಬಿಟ್ಟದ್ದು ಈ ಮನುಷ್ಯನ ಊಟದ ಡಬ್ಬಿಗಾಗಿ!

"ಎಲ್ಲರಿಗಿಂತ ದೊಡ್ಡ ಕೇಳುಗಾರ್ತಿ ಒಬ್ಬಳಿದಾಳೆ, ಕೇಳಿ," ಎಂದು ಅವರು ಕಿಸೆಯಿಂದ ಫೋನ್ ತೆಗೆದು ಒತ್ತಿದರು. ಹಲ್ಲಕ್ಕನ ದನಿ ಹಲ್ಲಕ್ಕನ ಕೋಣೆಯಲ್ಲೇ ಮೊಳಗಿತು. ಏನ್ ಸ್ವಾಮಿ, ಪುಸ್ತಕ ಓದ್ತಿದೀರೋ, ಕುಕ್ಕರ್ ಕೂಗಿಸ್ತಿದೀರೋ? ಗಂಡ ಚಕ್ರ ಹಾಕಿ ಅದರ ಗಿರ್ರೆನ್ನುವ ಸದ್ದಿನಲ್ಲಿ ನಗು ಮುಚ್ಚಿಕೊಂಡ. ಹಲ್ಲಕ್ಕ ದೀಪದ ಉರಿಯನ್ನೇ ನೋಡುತ್ತಾ ನಿಂತಳು. ಮುಂದಿನ ಕೋಣೆಯಿಂದ ಡಾಕ್ಟರಮ್ಮ ಇಣುಕಿದಳು. "ಇದ್ಯಾರ ದನಿ? ಎಲ್ಲೋ ಕೇಳಿದ ಹಾಗಿದೆ," ಎಂದಳು. ಉತ್ತರಕ್ಕೆ ಕಾಯುವಷ್ಟರಲ್ಲಿ ಅಲ್ಲಿ ಯಾರೋ ಬಾಯಿ ತೆರೆದುಕೊಂಡು ಕೂತಿದ್ದರು, ಓಡಿದಳು.

"ಈಕೆ ಹೇಳಿದ್ರಲ್ಲಿ ಸುಳ್ಳೇನೂ ಇಲ್ಲ ನೋಡಿ," ಎಂದರು ಅವರು, ಫೋನ್ ಒಳಗಿಡುತ್ತಾ. ದನಿ ಇಳಿದಿತ್ತು. "ಅದಕ್ಕೇ ಜಾಸ್ತಿ ನೋವು. ನಲವತ್ತು ವರ್ಷ ಇದೊಂದೇ ಕೆಲಸ ಮಾಡಿದ್ದು ನಾನು. ಬೇರೆ ಏನೂ ಬರೋದಿಲ್ಲ. ಈ ಕೊನೇ ಭಾಗ ಹೋದ್ರೆ ಇನ್ಯಾರೂ ಕರೆಯೋದಿಲ್ಲ."

ಹಲ್ಲಕ್ಕ ಸೆಟ್ಟನ್ನು ಮತ್ತೆ ಕೈಗೆತ್ತಿಕೊಂಡಳು. ಇನ್ನೊಮ್ಮೆ ಮೇಣ ಹಚ್ಚಿದಳು. ಕಣ್ಣು ಮುಚ್ಚಿ, ಅಪ್ಪ ಕಲಿಸಿದಂತೆ ಹೆಬ್ಬೆರಳನ್ನು ಓಡಿಸಿದಳು. ತೆಳ್ಳಗೆ ಒಂದು ಪದರ ತೆಗೆದಳು. ಮತ್ತೆ ಓಡಿಸಿದಳು. ಕೊಟ್ಟಳು.

"ಸಮುದ್ರ ಸುಮ್ಮನಿತ್ತು," ಎಂದರು ಅವರು.

ಸಮುದ್ರ ನಿಜಕ್ಕೂ ಸುಮ್ಮನಿತ್ತು. ಒಂದು ಎಳೆ ಸೀಟಿಯೂ ಇಲ್ಲ. ಗಂಡನೂ ಚಕ್ರ, ನಗು ಎರಡನ್ನೂ ನಿಲ್ಲಿಸಿ ನೋಡಿದ. ನಮ್ಮೋರ ಕಣ್ಣು ಅರಳಿತು. ಸೂರ್ಯಾಸ್ತ, ಸಂಕಟ, ಸಂಸಾರ, ಸಾವಿರ ಸಲ ಎಂದು ನೆನಪಿಗೆ ಬಂದದ್ದನ್ನೆಲ್ಲ ಹೇಳಿ ನೋಡಿದರು. ಮಕ್ಕಳ ಹಾಗೆ ಕಾಲು ಅಲ್ಲಾಡಿಸಿದರು. ಇಷ್ಟಕ್ಕೆ ಅವರನ್ನು ಸಾಗಹಾಕಿ, ಮೇಣದ ಜಾಗಕ್ಕೆ ಗಟ್ಟಿ ಪದಾರ್ಥ ತುಂಬಿ ಸಂಜೆಗೆ ಕೊಟ್ಟುಬಿಟ್ಟಿದ್ದರೆ ಹಲ್ಲಕ್ಕನ ಗುಟ್ಟು ಅವಳ ಜೊತೆಗೇ ಹೋಗುತ್ತಿತ್ತು.

"ಕಂಪನಿಯವರಿಗೆ ಓದಿ ತೋರಿಸೋ ಪುಟ ಒಂದಿದೆ. ಮುದುಕ ಸಾಯೋ ಜಾಗ. ಅದನ್ನೂ ಒಂದ್ಸಲ ನೋಡಿಬಿಡೋಣ," ಎಂದು ಅವರು ಚೀಲದಿಂದ ಹಾಳೆ ತೆಗೆದರು.

ಮುದುಕ ಸಾಯುತ್ತಾನೆಂಬುದು ಹಲ್ಲಕ್ಕನಿಗೆ ಗೊತ್ತಾದದ್ದು ಹೀಗೆ. ಅದನ್ನು ಹೇಗೋ ನುಂಗಿಕೊಂಡಳು. ಆದರೆ ಅವರು ಓದಲು ಶುರು ಮಾಡಿದ ಮೇಲೆ ನುಂಗಲಾಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು 'ಅಪ್ಪ' ಎಂದಳು, ಮೂಗಿನಿಂದ. ಮುದುಕ ಕಣ್ಣು ತೆರೆದ, ನಮ್ಮೋರು ಬಿಕ್ಕಿದರು. ಮುದುಕ ದೀಪ ಹಚ್ಚಿದೆಯಾ ಎಂದು ಕೇಳಿದ. ನಮ್ಮೋರು ಗಂಟಲು ನಡುಗಿಸಿ, ಮೂಗು ಸೊರಸೊರ ಎಳೆದು, ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಗೋಳಾಡಿದರು.

ಹಲ್ಲಕ್ಕ ಗಂಡನಿಗೆ ಸನ್ನೆ ಮಾಡಿದಳು. ಗಂಡನಿಗೆ ಅರ್ಥವಾಗಲಿಲ್ಲ. ಇನ್ನೂ ಜೋರಾಗಿ ಸನ್ನೆ ಮಾಡಿದಳು. "ಸರ್, ಇವಳಿಗೆ… ಬಹಳ ಇಷ್ಟ ಆಯ್ತಂತೆ," ಎಂದ ಗಂಡ.

"ಆಗ್ಲೇಬೇಕಲ್ಲ. ಈಗ ಕಂಪನಿಯವರಿಗೆ ಇಂಥದ್ದೇ ಬೇಕು. ಆ ಮೂಗಿನವನು ಹೀಗೇ ಓದೋದು," ಎಂದು ಅವರು ಇನ್ನೊಂದು ಬಿಕ್ಕಿಗೆ ಉಸಿರೆಳೆದರು.

"ಅಳಬೇಡಿ ಸ್ವಾಮಿ!"

ಹಲ್ಲಕ್ಕನ ಬಾಯಿ ತೆರೆದುಕೊಂಡಿತ್ತು. ಒಮ್ಮೆ ತೆರೆದ ಮೇಲೆ ಅದನ್ನು ಮುಚ್ಚುವುದು ಅವಳ ಕೈಯಲ್ಲಿರಲಿಲ್ಲ.

"ಅಳಬೇಡಿ! ನೀವು ಓದಿ. ಅಳೋದು ನಮ್ಮ ಕೆಲಸ, ಅದನ್ನ ನಮಗೆ ಬಿಡಿ! ಆ ಮುದುಕ ಜನ್ಮದಲ್ಲಿ ಅತ್ತವನಾ? ಮಗಳು ಬಂದಿದಾಳೆ, ಅವನು ದೀಪ ಹಚ್ಚಿದೆಯಾ ಅಂತಾನೆ. ಅಷ್ಟೇ ಅಂದು ಸುಮ್ಮನಾಗಿ ನೀವು, ನಾವಿಲ್ಲಿ ನೆಲಕ್ಕೆ ಬಿದ್ದು ಅಳ್ತೀವಿ. ನೀವೇ ಅತ್ತುಬಿಟ್ರೆ ನಾವೇನ್ ಮಾಡೋದು, ನಿಮಗೆ ಕರವಸ್ತ್ರ ಕೊಡೋದಾ?"

 ನಮ್ಮೋರ ಕೈಯ ಹಾಳೆ ಅರ್ಧದಲ್ಲೇ ನಿಂತಿತು. ಕಿವಿ ಇರುವುದು ತನಗೊಬ್ಬಳಿಗೇ ಅಲ್ಲ ಎಂಬುದು ಹಲ್ಲಕ್ಕನಿಗೆ ಆಗ ನೆನಪಾಯಿತು.

"ಕುಕ್ಕರ್," ಎಂದರು ಅವರು ನಿಧಾನವಾಗಿ. "ನೀವಾ?"

"ನಾನೇ." ಇನ್ನು ಮುಚ್ಚಿಡುವುದೇನಿದೆ? "ಬೇಲಿ ಗೂಟ ಕೊಡ್ಬೇಕಾದ ಕೈನೂ ಇದೇ. ನೀವು ದೋಣಿ ಓದ್ತಿದ್ರಿ, ನಾನು ಅಳ್ತಾ ನಿಮ್ಮ ಹಲ್ಲು ಕಟ್ಟಿದೆ. ಬೆರಳು ಓಡ್ಸೋದು ಮರೆತೆ. ನಿಮ್ಮದು ಅಂತ ಗೊತ್ತಿರಲಿಲ್ಲ. ಗೊತ್ತಿದ್ರೂ ಬಹುಶಃ ಹಾಗೇ ಅಳ್ತಿದ್ದೆ. ತಪ್ಪಾಯ್ತು."

ಅವರು ಕೆಂಪಗಾದರು. ಕುರ್ಚಿಯಿಂದ ಜಾರಿ ಇಳಿದರು. ಕೊಡೆ ಎತ್ತಿಕೊಂಡರು. ಬಾಗಿಲವರೆಗೂ ಹೋಗಿ, ಸಾಯುವವರೆಗೆ ನೆನಪಿರುವಂಥ ಮಾತೊಂದನ್ನು ಹೇಳಲು ತಿರುಗಿದರು.

"ಸರ್," ಎಂದ ಗಂಡ ಬಹಳ ವಿನಯದಿಂದ, "ಹಲ್ಲು ಬಿಟ್ಟು ಹೋಗ್ಬೇಕು. ಅದಿನ್ನೂ ಮೇಣ."

ಬೈಯಬೇಕೆಂದರೆ ಹಲ್ಲು ಬೇಕು, ಹೊರಟುಹೋಗಬೇಕೆಂದರೆ ಹಲ್ಲು ಕೊಡಬೇಕು. ಅವರು ಬಾಗಿಲಲ್ಲೇ ನಿಂತು ಎರಡನ್ನೂ ತೂಗಿ ನೋಡಿದರು. ಕೊಡೆಯನ್ನು ಗೋಡೆಗೆ ಒರಗಿಸಿ ಬಂದು ಮತ್ತೆ ಕುರ್ಚಿ ಹತ್ತಿದರು.

"ನಿಜವಾಗ್ಲೂ ಅತ್ರಾ, ದೋಣಿಗೆ?" ಎಂದು ಕೇಳಿದರು.

"ಸೆರಗು ಹಿಂಡೋ ಹಾಗೆ."

"ಡಬ್ಬಿ ಮರೆತ ದಿನ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡರು. "ಸರಿ. ಇನ್ನೊಂದ್ಸಲ ಓದ್ತೀನಿ. ನಾನು ಎಲ್ಲಿ ಅತ್ತೆ ಅಂತ ಹೇಳಿ. ಆ ಮಗಳ ಮಾತಿಂದೂ ಹೇಳಿ. ಏನಿದ್ರೂ ಹೇಳಿ, ಹೇಗೂ ಊರಿಗೆಲ್ಲ ಹೇಳಿದೀರಿ."

ಹಲ್ಲಕ್ಕ ಹೇಳಿದಳು. ಡಾಕ್ಟರಮ್ಮ ಎರಡು ಸಲ ಇಣುಕಿ, ದನಿ ಯಾರದೆಂದು ಈ ಸಲ ಖಚಿತವಾಗಿ ಗುರುತು ಹಿಡಿದು, ತಲೆ ಚಚ್ಚಿಕೊಂಡು ಹೋದಳು. ಚಹಾ ಬಂತು, ಆರಿತು, ಮತ್ತೆ ಬಂತು. ನಮ್ಮೋರು ಓದಿದರು, ಹಲ್ಲಕ್ಕ ತಡೆದಳು, ಅವರು ಸಿಡುಕಿದರು, ಮತ್ತೆ ಓದಿದರು. ಕೊನೆಗೆ ಅವರು ಹಲ್ಲು ಬಿಚ್ಚಿ ಅವಳ ಅಂಗೈಗೆ ಕೊಟ್ಟಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆರನೇ ಭಾಗ ಬಂದ ದಿನ ಹಲ್ಲಕ್ಕ ಇಯರ್‌ಫೋನ್ ಹಾಕಲಿಲ್ಲ. ಫೋನನ್ನು ಮೇಜಿನ ನಡುವೆ ಇಟ್ಟು ಗಂಡನನ್ನೂ ಕರೆದು ಕೂರಿಸಿದಳು. "ರೀ, ನೀವೂ ಕಿವಿ ಕೊಡಿ. ಕಥೆಗಲ್ಲ. ಒಂದೊಂದು ಸ ಕೂಡ ಬಿಡಬೇಡಿ. ಎಲ್ಲಾದ್ರೂ ಗಾಳಿ ಸೋರಿದ್ರೆ ಇವತ್ತೇ ಕರೆಸಿ ಸರಿ ಮಾಡ್ತೀನಿ." ಕೈಯಲ್ಲಿ ಉಪಕರಣ ಹಿಡಿದೇ ಕೂತಿದ್ದಳು, ನಮ್ಮೋರು ಆ ಫೋನಿನೊಳಗೇ ಬಾಯಿ ತೆರೆದು ಕೂತಿದ್ದಾರೆಂಬಂತೆ.

ಮೂಗಣ್ಣನಲ್ಲ, ನಮ್ಮೋರೇ. ಗೋಪುರದ ಮೆಟ್ಟಿಲು, ಗಾಳಿ, ಎಣ್ಣೆಯ ವಾಸನೆ. ಅವರು ಅವಸರವಿಲ್ಲದೆ ಓದಿಕೊಂಡು ಹೋದರು. ಹಲ್ಲಕ್ಕ ಮೊದಲ ಪುಟದ ಸಕಾರಗಳನ್ನೆಲ್ಲ ಬೆರಳು ಮಡಿಚಿ ಎಣಿಸಿದಳು. ನಡುವೆ ಒಮ್ಮೆ, "ಇಲ್ಲಿ ಉಸಿರು ಒಂಚೂರು ಉದ್ದ ಆಯ್ತು," ಎಂದು ಬಾಯಿ ಹಾಕಿದಳು.

"ಶ್! ಸುಮ್ನಿರೇ," ಎಂದ ಗಂಡ, ಕಣ್ಣು ಫೋನಿನಿಂದ ಕೀಳದೆ. "ನಮ್ಮೋರು ಓದ್ತಿದಾರೆ."

ಮಗಳು ಬಾಗಿಲಿಗೆ ಬಂದಳು. ಮುದುಕ ಕಣ್ಣು ತೆರೆದ. ದೀಪ ಹಚ್ಚಿದೆಯಾ ಎಂದು ಕೇಳಿದ, ನೀರು ತುಂಬಿದೆಯಾ ಎಂದು ಕೇಳುವಷ್ಟೇ ಸಾಧಾರಣವಾಗಿ. ಆಮೇಲೆ ನಮ್ಮೋರು ಏನೂ ಮಾಡಲಿಲ್ಲ. ಒಂದಿಷ್ಟು ಹೊತ್ತು ಸುಮ್ಮನಿದ್ದರು, ಅಷ್ಟೇ.

ಪುಸ್ತಕ ಮುಗಿಯಿತು. ಗಂಡ ಹೊಳಪು ಕೊಡುವ ಬಟ್ಟೆಯಿಂದಲೇ ಮುಖ ಒರೆಸಿಕೊಂಡು ಮೂಗಿನ ತುದಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿದ್ದ. ಹಲ್ಲಕ್ಕನ ಉಪಕರಣ ಯಾವಾಗಲೋ ನೆಲಕ್ಕೆ ಬಿದ್ದಿತ್ತು.

"ಏನೇ, ಸೀಟಿ ಬಂತಾ?" ಎಂದ ಗಂಡ.

ಹಲ್ಲಕ್ಕ ಯೋಚಿಸಿದಳು. ಮೊದಲ ಪುಟದ ಆಚೆಗೆ ಒಂದು ಸಕಾರವೂ ಅವಳಿಗೆ ನೆನಪಿರಲಿಲ್ಲ.

"ಗೊತ್ತಿಲ್ಲ ಕಣ್ರೀ," ಎಂದು ಸೆರಗಿನ ಒಣಗಿದ ತುದಿ ಹುಡುಕುತ್ತಾ ಹೇಳಿದಳು. "ಕೇಳ್ಲೇ ಇಲ್ಲ. ಮೊದಲಿಂದ ಹಾಕಿ."